ರೋಗವೆಲ್ಲ ಕರ್ಮಫಲವೆ?

(ಮಾದನಾಯಕನಹಳ್ಳಿಯ ಸದ್ಭಕ್ತರು ಏರ್ಪಡಿಸಿದ್ದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಪ್ರವಚನ)



ಕಳೆದ ತಿಂಗಳ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ ಈ ಊರಿನ ಹಿರಿಯ ಭಕ್ತರೊಬ್ಬರು ನಮ್ಮ ಬಳಿ ಬಂದು ಒಂದು ಪ್ರಶ್ನೆ ಕೇಳಿದರು. "ಬುದ್ಧಿ, ಇಲ್ಲೇ ಆಲೂರಿನಲ್ಲಿ ಬುದ್ಧನ ಧ್ಯಾನ ಕಲಿಸುವ ಕೇಂದ್ರ ಇದೆಯಲ್ಲ, ಅಲ್ಲಿ ಹತ್ತು ದಿವಸ ಬಾಯಿ ಮುಚ್ಚಿಕೊಂಡು ಕೂತರೆ ಹಿಂದಿನ ಕರ್ಮವೆಲ್ಲ ಕರಗಿ ರೋಗ ವಾಸಿಯಾಗ್ತದಂತೆ. ಹೌದೆ?" ಅವರಿಗೆ ಮಂಡಿನೋವು, ಜೊತೆಗೆ ಸಕ್ಕರೆ ಕಾಯಿಲೆ. ಕೇಳಿದ್ದರಲ್ಲಿ ಕುಹಕವಿರಲಿಲ್ಲ, ಆಸೆ ಇತ್ತು. ನಾವು "ಮುಂದಿನ ತಿಂಗಳು ಇದನ್ನೇ ವಿಷಯವಾಗಿ ಇಟ್ಟುಕೊಳ್ಳೋಣ" ಎಂದು ಹೇಳಿ ಕಳಿಸಿದೆವು.

ಅದೇ ವಾರ ಇನ್ನೊಂದು ಪ್ರಶ್ನೆ ಬಂತು. ಅದನ್ನು ಕೇಳಿದವರು ಒಬ್ಬ ತಾಯಿ. ಅವರ ಹೆಸರು, ಬೀದಿ ತಮಗೆ ಬೇಡ. ಅವರ ಯಜಮಾನರು ಪೀಣ್ಯದ ಕಡೆ ಎರಕದ ಕೆಲಸ ಮಾಡುವವರು. ಅಚ್ಚಿನ ಮರಳನ್ನು ಕೊಡವುವುದು, ಎರಕದ ಮೈಯನ್ನು ಉಜ್ಜಿ ನಯಮಾಡುವುದು, ದಿನವೆಲ್ಲ ಧೂಳು. ಹೋದ ವರ್ಷ ಅವರಿಗೆ ಕ್ಷಯ ಎಂದು ತಿಳಿಯಿತು. ಮಠಕ್ಕೆ ಬಂದು ನಮ್ಮ ಮುಂದೆ ಕುಳಿತು ಅತ್ತರು. "ಯಾರಿಗೂ ಕೇಡು ಮಾಡಿದವನಲ್ಲ ಬುದ್ಧಿ, ನನಗೇ ಯಾಕೆ?" ಎಂದರು. ಆಗ ನಾವು ಏನು ಹೇಳಿದೆವು? ಎಲ್ಲರೂ ಹೇಳುವ ಮಾತನ್ನೇ ಹೇಳಿದೆವು. "ಏನೋ ಹಿಂದಿನ ಕರ್ಮ, ಅನುಭವಿಸಿ ತೀರಿಸಬೇಕಪ್ಪ. ಧೈರ್ಯವಾಗಿರು." ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ಆದರೆ ಅವರು ಅದನ್ನು ಎದೆಯಲ್ಲಿಟ್ಟುಕೊಂಡು ಹೋದರು. ಎರಡು ತಿಂಗಳು ಮಾತ್ರೆ ನುಂಗಿದರು, ಕೆಮ್ಮು ತಗ್ಗಿತು, ಮೈ ತುಂಬಿತು. "ಸ್ವಾಮಿಗಳು ಹೇಳಿದ ಹಾಗೆ ಕರ್ಮ ತೀರಿತು" ಎಂದು ಮಾತ್ರೆ ಬಿಟ್ಟರು. ಮಳೆಗಾಲಕ್ಕೆ ಕೆಮ್ಮು ತಿರುಗಿ ಬಂತು. ಈ ಸಲ ರಕ್ತದೊಡನೆ ಬಂತು. ಆಗಲೂ ಅವರು ಆಸ್ಪತ್ರೆಗೆ ಹೋಗಲಿಲ್ಲ. ಇನ್ನೂ ಉಳಿದಿರುವ ಕರ್ಮ ಎಂದುಕೊಂಡರು.

ಆ ತಾಯಿ ಬಂದವರು ನಮಸ್ಕಾರ ಮಾಡಿ ಎದ್ದು ನಿಂತು ಕೇಳಿದರು: "ಬುದ್ಧಿ, ಅವರದು ಕರ್ಮ ಅಂದ್ರಿ. ಈಗ ಚಿಕ್ಕವನೂ ಕೆಮ್ತಾನೆ. ಎಂಟು ವರ್ಷದ ಕೂಸು. ಅವನದೂ ಕರ್ಮವೇ?"

ಶರಣರೇ, ನಾವು ಕಾವಿ ಉಟ್ಟು ಬಹಳ ವರ್ಷಗಳಾದವು. ಎಷ್ಟೋ ವೇದಿಕೆಗಳಲ್ಲಿ ಕರ್ಮದ ವಿಚಾರವಾಗಿ ಮಾತನಾಡಿದ್ದೇವೆ. ಆ ಹೊತ್ತಿನಲ್ಲಿ ನಮ್ಮ ಬಳಿ ಒಂದು ಮಾತೂ ಇರಲಿಲ್ಲ. ಆಗ ಮಾಡಬೇಕಾದ ಕೆಲಸ ಏನಿತ್ತೋ ಅದನ್ನು ಮಾಡಿದೆವು, ಅದನ್ನು ಆಮೇಲೆ ಹೇಳುತ್ತೇವೆ. ಆ ರಾತ್ರಿ ಪುಸ್ತಕಗಳನ್ನು ತೆಗೆದು ಕುಳಿತಾಗ ತಿಳಿದದ್ದೇನೆಂದರೆ, ಇದೇ ಪ್ರಶ್ನೆಯನ್ನು ಎರಡೂವರೆ ಸಾವಿರ ವರ್ಷಗಳ ಹಿಂದೆ ಬುದ್ಧನ ಮುಂದೆ ಒಬ್ಬ ಇಟ್ಟಿದ್ದ. ಬುದ್ಧ ಅದಕ್ಕೆ ನೇರವಾಗಿ ಉತ್ತರ ಕೊಟ್ಟಿದ್ದ.

ಲಿಂಗಾಯತ ಮಠದ ಗೋಷ್ಠಿಯಲ್ಲಿ ಬುದ್ಧನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಬೌದ್ಧಧರ್ಮ ಈ ನಾಡಿಗೆ ಹೊರಗಿನದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನಗಳಿವೆ. ಸನ್ನತಿಯಲ್ಲಿ ದೊಡ್ಡ ಸ್ತೂಪವಿತ್ತು. ಅಲ್ಲಮಪ್ರಭುಗಳ ಬಳ್ಳಿಗಾವಿಯಲ್ಲಿ ಬೌದ್ಧವಿಹಾರವಿತ್ತು. ಡಂಬಳದಲ್ಲಿ ತಾರಾದೇವಿಯ ಗುಡಿ ಇದ್ದುದನ್ನು 1095ರ ಶಾಸನ ಹೇಳುತ್ತದೆ. ಅಂದರೆ ಬಸವಣ್ಣನವರಿಗೆ ಸ್ವಲ್ಪ ಮುಂಚಿನವರೆಗೂ ಅವರು ನಮ್ಮ ನೆರೆಯವರೇ. ಈಗಲೂ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಟಿಬೆಟಿನ ಭಿಕ್ಷುಗಳಿದ್ದಾರೆ. ಬೆಂಗಳೂರಿನ ಗಾಂಧಿನಗರದಲ್ಲಿ 1956ರಿಂದ ಮಹಾಬೋಧಿ ಸೊಸೈಟಿ ಇದೆ. ಇನ್ನು ಆಲೂರು ಇಲ್ಲಿಗೆ ಎಷ್ಟು ದೂರ ಎಂಬುದು ನಮಗಿಂತ ತಮಗೇ ಚೆನ್ನಾಗಿ ಗೊತ್ತು. ನೆರೆಯವರ ಮನೆಯಲ್ಲಿ ಏನು ಹೇಳುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು, ಬೀದಿಯ ಬಾಯಿಂದ ಅಲ್ಲ.

ಆ ಕಥೆ ಹೀಗಿದೆ. ಬುದ್ಧ ರಾಜಗೃಹದ ವೇಣುವನದಲ್ಲಿದ್ದಾಗ ಮೋಳಿಯ ಸೀವಕ ಎಂಬ ಪರಿವ್ರಾಜಕ ಬಂದ. ಬುದ್ಧನ ಶಿಷ್ಯನಲ್ಲ, ಬೇರೆ ಮತದವ. ಅವನು ಕೇಳಿದ್ದು: ಮನುಷ್ಯ ಅನುಭವಿಸುವ ಸುಖ, ದುಃಖ, ಎರಡೂ ಅಲ್ಲದ ಅನುಭವ, ಎಲ್ಲವೂ ಹಿಂದೆ ಮಾಡಿದ ಕರ್ಮದಿಂದಲೇ ಬರುತ್ತದೆ ಎಂದು ಕೆಲವು ಶ್ರಮಣರು ಬ್ರಾಹ್ಮಣರು ಹೇಳುತ್ತಾರೆ, ತಾವು ಏನು ಹೇಳುತ್ತೀರಿ? ಇದು ಸಂಯುತ್ತ ನಿಕಾಯದಲ್ಲಿದೆ. ಬುದ್ಧ ಎಂಟು ಕಾರಣಗಳನ್ನು ಎಣಿಸಿ ಹೇಳಿದ. ಪಿತ್ತದಿಂದ ಬರುವ ನೋವು ಇದೆ. ಕಫದಿಂದ ಬರುವುದು ಇದೆ. ವಾತದಿಂದ ಬರುವುದು ಇದೆ. ಮೂರೂ ಕೂಡಿ ಕೆರಳಿದಾಗ ಬರುವ ಸನ್ನಿಪಾತವಿದೆ. ಋತು ಬದಲಾಗುವುದರಿಂದ ಬರುವುದು ಇದೆ. ತನ್ನ ಆಹಾರ ವಿಹಾರಗಳಲ್ಲಿ ಏರುಪೇರು ಮಾಡಿಕೊಂಡು ತಂದುಕೊಳ್ಳುವುದು ಇದೆ. ಹೊರಗಿನ ಏಟಿನಿಂದ ಬರುವುದು ಇದೆ. ಕೊನೆಗೆ ಎಂಟನೆಯದಾಗಿ, ಕರ್ಮದ ಫಲವಾಗಿ ಬರುವುದೂ ಇದೆ.

ನೋಡಿ, ಎಂಟರಲ್ಲಿ ಒಂದು! ಉಳಿದ ಏಳನ್ನು ಯಾವ ವೈದ್ಯನಾದರೂ ಒಪ್ಪುತ್ತಾನೆ. ನಮ್ಮ ಅಜ್ಜಿಯಂದಿರೂ ಒಪ್ಪುತ್ತಿದ್ದರು. ಸನ್ನಿ ಹಿಡಿಯಿತು, ಪಿತ್ತ ಕೆದರಿತು, ಹವೆ ಬದಲಾಗಿ ನೆಗಡಿ ಬಂತು ಎನ್ನುತ್ತಿರಲಿಲ್ಲವೆ? ಇಷ್ಟು ಹೇಳಿ ಬುದ್ಧ ಇನ್ನೊಂದು ಮಾತು ಸೇರಿಸಿದ, ಅದು ಬಹಳ ಮುಖ್ಯ. ಈ ಕಾರಣಗಳನ್ನು ಮನುಷ್ಯ ತಾನೇ ಕಂಡು ತಿಳಿಯಬಹುದು, ಲೋಕವೂ ಇವನ್ನು ನಿಜವೆಂದು ಒಪ್ಪಿದೆ. ಹಾಗಿರುವಾಗ ಎಲ್ಲವೂ ಹಿಂದಿನ ಕರ್ಮವೇ ಎನ್ನುವವರು ತಾವು ಕಂಡದ್ದನ್ನೂ ಮೀರಿ ಹೋಗುತ್ತಾರೆ, ಲೋಕ ಕಂಡದ್ದನ್ನೂ ಮೀರಿ ಹೋಗುತ್ತಾರೆ, ಆದ್ದರಿಂದ ಅವರು ಹೇಳುವುದು ತಪ್ಪು ಎಂದ. ಸೀವಕ ಅಂದೇ ಬುದ್ಧನಿಗೆ ಶರಣಾದ.

ಈ ಭಾಗವನ್ನು ಓದುವಾಗ, ತಪ್ಪು ಎಂದು ಬುದ್ಧ ಹೇಳಿದ್ದು ನಮಗೇ ಎಂದು ನಮಗನ್ನಿಸಿತು. ಹೋದ ವರ್ಷ ಆ ಗೃಹಸ್ಥರಿಗೆ ಕರ್ಮ ಎಂದು ಹೇಳುವಾಗ ನಾವು ಏನು ಕಂಡಿದ್ದೆವು? ಅವರ ಹಿಂದಿನ ಜನ್ಮವನ್ನು ಕಂಡಿದ್ದೆವೆ? ಇಲ್ಲ. ಕಣ್ಣಿಗೆ ಕಾಣುವಂತಿದ್ದದ್ದು ಬೇರೆಯೇ. ಮರಳಿನ ಸಣ್ಣ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಅಲ್ಲಿ ಕ್ಷಯ ಬೇರೂರುವುದು ಸುಲಭವಾಗುತ್ತದೆ. ಒಂದೇ ಕೋಣೆಯ ಮನೆ, ಕಿಟಕಿ ಇಲ್ಲ. ಕೆಮ್ಮುವವರ ಉಸಿರಿನಿಂದ ಕೆಮ್ಮದವರಿಗೆ ರೋಗಾಣು ದಾಟುತ್ತದೆ. ಆ ರೋಗಾಣುವನ್ನು ಜರ್ಮನಿಯ ಕಾಖ್ ಎಂಬ ವೈದ್ಯ 1882ರಲ್ಲೇ ತೋರಿಸಿಕೊಟ್ಟ. ಇಷ್ಟೆಲ್ಲ ಕಾಣುವ ಕಾರಣಗಳನ್ನು ಬಿಟ್ಟು ಕಾಣದ ಒಂದನ್ನು ನಾವು ಹಿಡಿದುಕೊಂಡೆವು. ಕಾಣದ್ದನ್ನು ಹೇಳುವುದು ಸುಲಭ. ಅದಕ್ಕೆ ಮನೆಗೆ ಹೋಗಿ ನೋಡುವ ಕೆಲಸವಿಲ್ಲ.

ಹಾಗಾದರೆ ಬೌದ್ಧರು ಕರ್ಮವನ್ನು ನಂಬುವುದಿಲ್ಲವೆ ಎಂದು ಕೇಳಿದರೆ, ನಂಬುತ್ತಾರೆ. ಅದನ್ನು ಮುಚ್ಚಿಡಬಾರದು. ಮಜ್ಝಿಮ ನಿಕಾಯದಲ್ಲಿ ಸುಭ ಎಂಬ ಯುವಕ, ಕೆಲವರು ರೋಗಿಗಳಾಗಿ ಕೆಲವರು ಆರೋಗ್ಯವಂತರಾಗಿ ಹುಟ್ಟುವುದೇಕೆ ಎಂದು ಕೇಳುತ್ತಾನೆ. ಕೈಯಿಂದ, ಹೆಂಟೆಯಿಂದ, ಕೋಲಿನಿಂದ, ಕತ್ತಿಯಿಂದ ಪ್ರಾಣಿಗಳನ್ನು ಹಿಂಸಿಸಿದವನು ಮುಂದಿನ ಜನ್ಮದಲ್ಲಿ ರೋಗಿಷ್ಠನಾಗುತ್ತಾನೆ ಎಂದು ಬುದ್ಧ ಉತ್ತರಿಸುತ್ತಾನೆ. ಒಂದು ಕಡೆ ಹೀಗೆ, ಇನ್ನೊಂದು ಕಡೆ ಎಂಟರಲ್ಲಿ ಒಂದು ಎಂದು! ಇದೇನು ವಿರೋಧ ಎಂದರೆ, ಮಾತು ಯಾರಿಗೆ ಹೇಳಿದ್ದು ಎಂಬುದನ್ನು ನೋಡಬೇಕು. ಸುಭನಿಗೆ ಹೇಳಿದ್ದು ಕೋಲು ಎತ್ತಿದ ಕೈಗೆ ಹೇಳಿದ ಮಾತು, ಹೊಡೆಯಬೇಡ ಎಂದು. ಹಾಸಿಗೆ ಹಿಡಿದವನ ಕಡೆಗೆ ಬೆರಳು ತೋರಿಸಿ, ನೀನು ಹೊಡೆದಿರಬೇಕು ಎನ್ನುವುದಕ್ಕಲ್ಲ. ಯಾವ ಕರ್ಮಕ್ಕೆ ಯಾವ ಫಲ ಬಂತು ಎಂದು ಲೆಕ್ಕ ಹಾಕುತ್ತ ಕೂರಬೇಡಿ, ಅದು ಯೋಚನೆಗೆ ಸಿಕ್ಕುವುದಲ್ಲ, ಹಾಗೆ ಕೂತವನಿಗೆ ಹುಚ್ಚು ಹಿಡಿದೀತು ಎಂದೂ ಬುದ್ಧ ಎಚ್ಚರಿಸಿದ್ದಾನೆ. ಕರ್ಮ ಎಂಬುದಕ್ಕೆ ಅವನು ಕೊಟ್ಟ ಅರ್ಥವೂ ಬೇರೆ. ಚೇತನೆಯೇ, ಅಂದರೆ ಮನಸ್ಸಿನ ಸಂಕಲ್ಪವೇ ಕರ್ಮ. ಅದು ಈ ಕ್ಷಣದಲ್ಲಿಯೂ ನಡೆಯುತ್ತಿರುವುದು, ಹಿಂದೆಯೇ ಮುಗಿದು ಮುದ್ರೆಯಾದದ್ದಲ್ಲ.

ಜನಕ್ಕೆ ಕಥೆ ಬೇಕು. ಆದ್ದರಿಂದ ಬುದ್ಧನ ಕಾಲಕ್ಕೆ ಸುಮಾರು ಸಾವಿರ ವರ್ಷ ಈಚೆಗೆ ಬರೆದಿಟ್ಟ ಧಮ್ಮಪದದ ವ್ಯಾಖ್ಯಾನದಲ್ಲಿ ಕರ್ಮದ ಕಥೆಗಳು ತುಂಬಿವೆ. ಮೊದಲನೆಯ ಕಥೆಯೇ ಚಕ್ಖುಪಾಲ ಎಂಬ ಕುರುಡು ಭಿಕ್ಷುವಿನದು. ಹಿಂದಿನ ಜನ್ಮದಲ್ಲಿ ಅವನು ಕಣ್ಣಿನ ವೈದ್ಯ. ಒಬ್ಬ ಹೆಂಗಸು ಗುಣವಾದರೂ ಆಗಲಿಲ್ಲ ಎಂದು ಸುಳ್ಳು ಹೇಳಿ ಒಪ್ಪಿದ ಪ್ರತಿಫಲ ತಪ್ಪಿಸಿಕೊಳ್ಳಲು ನೋಡಿದಳು. ವೈದ್ಯ ಸಿಟ್ಟಿನಿಂದ ಕಣ್ಣು ಹೋಗುವ ಔಷಧ ಕೊಟ್ಟ. ಆ ಪಾಪಕ್ಕೆ ಈ ಜನ್ಮದಲ್ಲಿ ತಾನೇ ಕುರುಡನಾದ, ಇದು ಕಥೆ. ಆದರೆ ಅದೇ ಕಥೆಯನ್ನು ಪೂರ್ತಿ ಓದಿ ನೋಡಿ. ಈ ಜನ್ಮದಲ್ಲಿ ಅವನಿಗೆ ಕಣ್ಣುಬೇನೆ ಬಂದಾಗ ಒಬ್ಬ ವೈದ್ಯ ಮೂಗಿಗೆ ಬಿಡುವ ಔಷಧ ಕೊಟ್ಟು, ಮಲಗಿಕೊಂಡು ಬಿಡಿಸಿಕೊಳ್ಳಿ ಎಂದ. ಮಳೆಗಾಲದ ಮೂರು ತಿಂಗಳು ಬೆನ್ನು ನೆಲಕ್ಕೆ ತಾಗಿಸುವುದಿಲ್ಲ ಎಂದು ಭಿಕ್ಷು ವ್ರತ ತೊಟ್ಟಿದ್ದ. ಕೂತೇ ಬಿಟ್ಟುಕೊಂಡ, ಔಷಧ ಹತ್ತಲಿಲ್ಲ, ವೈದ್ಯ ಕೈಬಿಟ್ಟ, ಕಣ್ಣು ಹೋಯಿತು. ಜ್ಞಾನವೂ ಬಂತು ಎನ್ನುತ್ತಾರೆ, ಅದು ಅವನ ದೊಡ್ಡತನ. ಆದರೂ ಕರ್ಮದ ಕಥೆ ಕಟ್ಟಿದವನಿಗೂ, ಹೇಳಿದ ಪಥ್ಯವನ್ನು ಮಾಡದೆ ಹೋದದ್ದರಿಂದ ಕಣ್ಣು ಹೋಯಿತು ಎಂಬುದನ್ನು ಬಿಟ್ಟುಬಿಡಲು ಆಗಲಿಲ್ಲವಲ್ಲ!

ಈಗ ಎರಡನೆಯ ಭಾಗಕ್ಕೆ ಬರೋಣ. ಧ್ಯಾನದಿಂದ, ಮಂತ್ರದಿಂದ ರೋಗ ವಾಸಿಯಾಗುತ್ತದೆಯೆ?

ಬೌದ್ಧ ಗ್ರಂಥಗಳಲ್ಲಿ ಅಂಥ ಸಂಗತಿಗಳು ಇವೆ. ಗಿರಿಮಾನಂದ ಎಂಬ ಭಿಕ್ಷು ಕಾಯಿಲೆಯಿಂದ ಮಲಗಿದ್ದಾಗ ಬುದ್ಧ ಆನಂದನಿಗೆ ಹತ್ತು ಭಾವನೆಗಳನ್ನು ಹೇಳಿ ಕಳಿಸಿದ. ದೇಹ ಅನಿತ್ಯ ಎಂಬುದರಿಂದ ಮೊದಲ್ಗೊಂಡು ಉಸಿರನ್ನು ಗಮನಿಸುವವರೆಗೆ ಹತ್ತು. ಅದನ್ನು ಕೇಳಿ ಗಿರಿಮಾನಂದ ಎದ್ದ. ಮಹಾಕಾಶ್ಯಪ ಮಲಗಿದ್ದಾಗ ಬೋಧಿಯ ಏಳು ಅಂಗಗಳನ್ನು ಬುದ್ಧನೇ ಹೇಳಿದ, ಬುದ್ಧನೇ ಮಲಗಿದ್ದಾಗ ಚುಂದ ಎಂಬ ಶಿಷ್ಯ ಅವನಿಗೆ ಹೇಳಿದ. ಸಿಂಹಳದಲ್ಲಿ ಇಂದಿಗೂ ರೋಗಿಯ ಮನೆಯಲ್ಲಿ ಭಿಕ್ಷುಗಳು ಈ ಪಾಠಗಳನ್ನು ಪಠಿಸುತ್ತಾರೆ, ಪಿರಿತ್ ಎಂದು ಅದರ ಹೆಸರು. ಆದರೆ ಗಮನಿಸಿ, ಅದೇ ಬುದ್ಧ ತನ್ನ ಸಂಘಕ್ಕೆ ಔಷಧಗಳ ಒಂದು ಅಧ್ಯಾಯವನ್ನೇ ಕೊಟ್ಟ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ, ಇವನ್ನು ಹೊತ್ತಲ್ಲದ ಹೊತ್ತಿನಲ್ಲಿಯೂ ರೋಗಿ ತೆಗೆದುಕೊಳ್ಳಬಹುದೆಂದ. ಅನ್ನ, ಬಟ್ಟೆ, ವಸತಿಯ ಸಾಲಿನಲ್ಲಿ ಔಷಧವನ್ನು ನಾಲ್ಕನೆಯದಾಗಿ ಇಟ್ಟ. ತನಗೆ ಕಾಯಿಲೆಯಾದಾಗ ಜೀವಕ ಎಂಬ ವೈದ್ಯನಿಂದ ಔಷಧ ತೆಗೆದುಕೊಂಡ. ಎಂಬತ್ತನೆಯ ವಯಸ್ಸಿನಲ್ಲಿ ರಕ್ತಭೇದಿಯಿಂದ ನರಳಿ, ದಾರಿಯಲ್ಲಿ ಮರದ ಕೆಳಗೆ ಮಲಗಿ, ನೀರು ಬೇಡಿ ಕುಡಿದ. ಅಂಥವನಿಗೂ ದೇಹಧರ್ಮ ತಪ್ಪಲಿಲ್ಲ.

ಬೈಲಕುಪ್ಪೆಯ ಸುವರ್ಣಮಂದಿರವನ್ನು ತಮ್ಮಲ್ಲಿ ಕೆಲವರು ಪ್ರವಾಸ ಹೋದಾಗ ನೋಡಿರಬಹುದು. 1963ರಲ್ಲಿ ಪೆನೋರ್ ರಿಂಪೋಚೆ ಎಂಬ ಗುರುಗಳು ಅಲ್ಲಿ ನಾಮ್‌ಡ್ರೋಲಿಂಗ್ ಮಠವನ್ನು ಕಟ್ಟಿದರು. ಟಿಬೆಟಿನವರು ಭೈಷಜ್ಯಗುರು ಎಂದು ಒಬ್ಬ ಬುದ್ಧನನ್ನು ಪೂಜಿಸುತ್ತಾರೆ. ಕಡುನೀಲಿ ಮೈಬಣ್ಣ, ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಏನು ಗೊತ್ತೆ? ನಮ್ಮ ಅಳಲೆಕಾಯಿ! ಮಕ್ಕಳಿಗೆ ಕೆಮ್ಮು ಬಂದರೆ ತಾಯಂದಿರು ತೇದು ನೆಕ್ಕಿಸುತ್ತಿದ್ದ ಅದೇ ಅಳಲೆಕಾಯಿ. ದೇವರ ಕೈಯಲ್ಲಿಯೂ ಔಷಧವೇ ಇದೆ. ಅವರ ವೈದ್ಯಗ್ರಂಥ ರೋಗಗಳನ್ನು 404 ಎಂದು ಎಣಿಸಿ ನಾಲ್ಕು ಪಾಲು ಮಾಡುತ್ತದೆ. ಹಿಂದಿನ ಜನ್ಮದ ಕರ್ಮದಿಂದ ಬರುವವು 101, ಈ ಜನ್ಮದ ನಡೆನುಡಿಯಿಂದ ಬರುವವು 101, ಗ್ರಹಪೀಡೆಯಿಂದ 101, ಉಳಿದ 101 ಔಷಧವಿಲ್ಲದೆಯೂ ಪಥ್ಯದಿಂದ ತಾವಾಗಿ ಹೋಗುವವು. ಅವರ ವೈದ್ಯರು ನಾಡಿ ಹಿಡಿಯುತ್ತಾರೆ, ಮೂತ್ರ ನೋಡುತ್ತಾರೆ, ಗುಳಿಗೆ ಕೊಡುತ್ತಾರೆ. ಆಸೆಯಿಂದ ವಾತ, ಕೋಪದಿಂದ ಪಿತ್ತ, ಅಜ್ಞಾನದಿಂದ ಕಫ ಕೆರಳುತ್ತದೆ ಎಂದೂ ಹೇಳುತ್ತಾರೆ. ಗ್ರಹಪೀಡೆಯ ಮಾತನ್ನು ನಾವು ಒಪ್ಪುವುದಿಲ್ಲ, ಬಿಡಿ. ಆದರೆ ರೋಗವೆಲ್ಲ ಕರ್ಮ ಎಂದು ಅವರೂ ಹೇಳುವುದಿಲ್ಲ.

ಇನ್ನು ಆಲೂರಿನ ವಿಚಾರ. ಧಮ್ಮ ಪಫುಲ್ಲ ಎಂಬ ಆ ಕೇಂದ್ರ ವಿಪಶ್ಯನ ಎಂಬ ಧ್ಯಾನವನ್ನು ಕಲಿಸುತ್ತದೆ. ಈ ಪದ್ಧತಿಯನ್ನು ನಮ್ಮ ದೇಶಕ್ಕೆ ತಿರುಗಿ ತಂದವರು ಸತ್ಯನಾರಾಯಣ ಗೋಯೆಂಕ ಅವರು. ಅವರ ಕಥೆ ಕೇಳಿದರೆ ನಮ್ಮ ಹಿರಿಯ ಭಕ್ತರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಗೋಯೆಂಕರು 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದರು. ಮಾರವಾಡಿ ವ್ಯಾಪಾರಿ ಮನೆತನ, ಸಂಪ್ರದಾಯದ ಹಿಂದೂಗಳು. ಚಿಕ್ಕ ವಯಸ್ಸಿಗೇ ದೊಡ್ಡ ವರ್ತಕರಾದರು. ಜೊತೆಗೆ ಒಂದು ತಲೆನೋವು ಬಂತು. ಸಾಮಾನ್ಯ ತಲೆನೋವಲ್ಲ, ಅರೆತಲೆಶೂಲೆ. ಬಂತೆಂದರೆ ಮಾರ್ಫಿಯಾ ಚುಚ್ಚುಮದ್ದೇ ಆಗಬೇಕು. ಇದು ಹೀಗೇ ಸಾಗಿದರೆ ಮದ್ದಿಗೇ ದಾಸರಾಗುತ್ತೀರಿ ಎಂದು ವೈದ್ಯರು ಹೆದರಿಸಿದರು. ಸ್ವಿಟ್ಜರ್ಲೆಂಡ್, ಜರ್ಮನಿ, ಇಂಗ್ಲೆಂಡ್, ಅಮೆರಿಕ, ಜಪಾನ್ ಸುತ್ತಿದರು. ಗುಣವಾಗಲಿಲ್ಲ. ಆಗ ಗೆಳೆಯರೊಬ್ಬರು ರಂಗೂನಿನ ಊ ಬಾ ಖಿನ್ ಅವರ ಬಳಿ ಹೋಗಿ ಎಂದರು. ಊ ಬಾ ಖಿನ್ ಸಂನ್ಯಾಸಿಯಲ್ಲ, ಸರ್ಕಾರಿ ನೌಕರರು, ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್. ದಿನವೆಲ್ಲ ಲೆಕ್ಕ ನೋಡಿ, ಉಳಿದ ಹೊತ್ತಿನಲ್ಲಿ ಧ್ಯಾನ ಕಲಿಸುತ್ತಿದ್ದರು. ನಮಗೆ ಇದು ಬಹಳ ಹಿಡಿಸುತ್ತದೆ, ಕಾಯಕ ಬಿಡದ ಗುರು.

ಗೋಯೆಂಕರು ಹೋಗಿ ತಲೆನೋವಿನ ಸಂಗತಿ ಹೇಳಿದರು. ಗುರು ಏನೆಂದರು? ತಲೆನೋವು ವಾಸಿಮಾಡಿಕೊಳ್ಳಲು ಬಂದಿದ್ದರೆ ನಿಮ್ಮನ್ನು ಸೇರಿಸಿಕೊಳ್ಳುವುದಿಲ್ಲ ಎಂದರು! ಧರ್ಮದ ಬೆಲೆಯನ್ನು ಅಷ್ಟು ಇಳಿಸಬೇಡಿ, ಮನಸ್ಸಿನ ಕೊಳೆ ತೊಳೆದುಕೊಳ್ಳಲು ಬನ್ನಿ, ಹಾಗೆ ಮಾಡುವಾಗ ತಲೆನೋವು ಹೋದರೆ ಹೋಗಲಿ, ಅದು ಉಪಫಲ ಎಂದರು. ಯಾವ ಕೇಂದ್ರದ ಯಾವ ಗುರು ಬಂದ ಶ್ರೀಮಂತ ರೋಗಿಯನ್ನು ಹೀಗೆ ಬಾಗಿಲಲ್ಲೇ ನಿಲ್ಲಿಸುತ್ತಾನೆ, ತಾವೇ ಹೇಳಿ. ಗೋಯೆಂಕರು ಬಹಳ ದಿನ ಹಿಂದೆಮುಂದೆ ನೋಡಿದರು, ಪರಧರ್ಮ ಎಂಬ ಅಳುಕು ಬೇರೆ. ಕೊನೆಗೆ 1955ರಲ್ಲಿ ಹತ್ತು ದಿನ ಕುಳಿತರು. ತಲೆಶೂಲೆ ಹೋಯಿತು. ಆದರೆ ಮುಂದೆ ಅವರು ಎಲ್ಲಿ ಮಾತನಾಡಿದರೂ, ಹೋದ ತಲೆನೋವಿಗಿಂತ ಹೋದ ಸಿಟ್ಟು ದೊಡ್ಡ ಲಾಭ ಎಂಬ ಅರ್ಥದಲ್ಲಿಯೇ ಹೇಳುತ್ತಿದ್ದರು. 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. ಅಂದು ಕುಳಿತವರಲ್ಲಿ ಅವರ ತಂದೆತಾಯಿಗಳೂ ಇದ್ದರು. 2013ರಲ್ಲಿ ತೀರಿಕೊಂಡರು.

ಅಲ್ಲಿ ನಡೆಯುವುದು ಏನು? ಬೆಳಗಿನ ನಾಲ್ಕಕ್ಕೆ ಗಂಟೆ. ದಿನಕ್ಕೆ ಸುಮಾರು ಹತ್ತು ಗಂಟೆ ಕೂರುವುದು. ಮಾತಿಲ್ಲ, ಫೋನಿಲ್ಲ. ಶುಲ್ಕವಿಲ್ಲ, ಮುಗಿಸಿದವರು ಇಷ್ಟವಿದ್ದಷ್ಟು ಕೊಡುತ್ತಾರೆ. ಮೊದಲ ಮೂರು ದಿನ ಬರಿಯ ಉಸಿರನ್ನು ನೋಡುವುದು. ನಾಲ್ಕನೆಯ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಆಗುವುದನ್ನೆಲ್ಲ ನೋಡುವುದು. ಬಿಸಿ, ತಣುಪು, ಜುಮುಗುಡುವಿಕೆ, ಮಂಡಿಯ ಉರಿ. ಬಂತೆಂದು ಹಿಗ್ಗದೆ, ನೋಯಿತೆಂದು ಸಿಡುಕದೆ ನೋಡಿದರೆ ಅದು ಬಂದ ಹಾಗೇ ಹೋಗುತ್ತದೆ. ಕರ್ಮ ಕರಗುತ್ತದೆ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಬೇಕು ಬೇಕು, ಬೇಡ ಬೇಡ ಎಂದು ಮನಸ್ಸು ಕಟ್ಟಿಕೊಂಡ ಗಂಟುಗಳಿಗೆ ಅವರು ಸಂಖಾರ ಎನ್ನುತ್ತಾರೆ. ಆ ಹಳೆಯ ಗಂಟುಗಳು ಸಡಿಲವಾಗುತ್ತವೆ ಎಂಬುದು ಅವರ ಬೋಧೆ. ಕರಗುವುದು ಮನಸ್ಸಿನ ಗಂಟು, ಶ್ವಾಸಕೋಶದ ರೋಗಾಣುವಲ್ಲ. ಇದನ್ನು ನಾವು ನಮ್ಮ ಊಹೆಯಿಂದ ಹೇಳುತ್ತಿಲ್ಲ. ಈ ಧ್ಯಾನ ವೈದ್ಯರ ಚಿಕಿತ್ಸೆಗೆ ಬದಲಿಯಲ್ಲ, ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಇದನ್ನು ನಾವು ಸೂಚಿಸುವುದಿಲ್ಲ ಎಂದು ಅವರ ನಿಯಮಪತ್ರದಲ್ಲಿಯೇ ಅಚ್ಚಾಗಿದೆ. ರೋಗ ವಾಸಿಯಾಗುತ್ತದಂತೆ ಎಂಬುದು ನಮ್ಮ ಟೀ ಅಂಗಡಿಯ ಮಾತು, ಅವರದಲ್ಲ.

ಹಾಗೆಂದು ಮನಸ್ಸಿಗೂ ಮೈಗೂ ಸಂಬಂಧವಿಲ್ಲವೆ? ಇದೆ. ಚಿಂತೆಯಿಂದ ರಕ್ತದೊತ್ತಡ ಏರುತ್ತದೆ, ನಿದ್ರೆ ಕೆಡುತ್ತದೆ, ಹೊಟ್ಟೆ ಕೆಡುತ್ತದೆ. ಬುದ್ಧ ಇದನ್ನು ಎರಡು ಬಾಣಗಳ ಉಪಮೆಯಿಂದ ಹೇಳಿದ್ದಾನೆ. ಒಂದು ಬಾಣ ಮೈಗೆ ನೆಟ್ಟಿತು, ನೋವು. ತಿಳಿಯದವನು, ಅಯ್ಯೋ ನನಗೇ ಏಕೆ ಎಂದು ಕೊರಗುತ್ತ ಅದೇ ಜಾಗಕ್ಕೆ ಎರಡನೆಯ ಬಾಣವನ್ನೂ ನೆಡಿಸಿಕೊಂಡವನಂತೆ ನರಳುತ್ತಾನೆ. ತಿಳಿದವನಿಗೆ ಒಂದೇ ಬಾಣ. ಧ್ಯಾನ, ಪೂಜೆ, ಜಪ ಎರಡನೆಯ ಬಾಣವನ್ನು ತಡೆಯುತ್ತವೆ. ನಮ್ಮ ಹಿರಿಯ ಭಕ್ತರೇ, ತಾವು ಆಲೂರಿಗೆ ಹೋಗುವುದಾದರೆ ಸಂತೋಷವಾಗಿ ಹೋಗಿ ಬನ್ನಿ. ಕುರ್ಚಿ ಕೊಡುತ್ತಾರೆ, ಮಂಡಿಯ ಭಯ ಬೇಡ. ನಿಮ್ಮ ಕಾಯಿಲೆಯನ್ನೂ ನುಂಗುವ ಮಾತ್ರೆಯನ್ನೂ ಅರ್ಜಿಯಲ್ಲೇ ತಿಳಿಸಿ. ಸಕ್ಕರೆಯ ಮಾತ್ರೆಯನ್ನು ಮಾತ್ರ ಒಂದು ದಿನವೂ ಬಿಡಬೇಡಿ. ಮೊದಲ ಬಾಣವನ್ನು ಕೀಳುವ ಕೈ ಬೇರೆ.

ಆದರೆ ನಾವು ಆ ಗೃಹಸ್ಥರಿಗೆ ಮಾಡಿದ್ದು ಏನು? ಮೊದಲ ಬಾಣದಿಂದ ನರಳುತ್ತಿದ್ದವರಿಗೆ ಕರ್ಮ ಎಂಬ ಎರಡನೆಯದನ್ನು ನಾವೇ ಹೊಡೆದೆವು. ಅವರು ನೋವಿನ ಜೊತೆಗೆ ನಾಚಿಕೆಯನ್ನೂ ಹೊತ್ತುಕೊಂಡು ಹೋದರು.

ಬೌದ್ಧ ಗ್ರಂಥಗಳಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರವೆನಿಸುವ ಪ್ರಸಂಗ ಇನ್ನೊಂದಿದೆ. ಒಬ್ಬ ಭಿಕ್ಷುವಿಗೆ ಭೇದಿ ಹತ್ತಿ ತನ್ನ ಹೊಲಸಿನಲ್ಲಿ ತಾನೇ ಬಿದ್ದಿದ್ದ. ಬುದ್ಧನೂ ಆನಂದನೂ ವಸತಿಗಳನ್ನು ನೋಡುತ್ತ ಅಲ್ಲಿಗೆ ಬಂದರು. ನಿನ್ನನ್ನು ನೋಡಿಕೊಳ್ಳುವವರಿಲ್ಲವೆ ಎಂದು ಬುದ್ಧ ಕೇಳಿದ. ಇಲ್ಲ ಎಂದ. ಏಕೆ? ನಾನು ಅವರಿಗೆ ಉಪಯೋಗವಿಲ್ಲದವನು, ಅದಕ್ಕೆ ಎಂದ. ಬುದ್ಧ ಅವನಿಗೆ ಹಿಂದಿನ ಜನ್ಮದ ಕಥೆ ಹೇಳಲಿಲ್ಲ. ಆನಂದ, ನೀರು ತಾ ಎಂದ. ಬುದ್ಧ ನೀರು ಹೊಯ್ದ, ಆನಂದ ತೊಳೆದ. ಒಬ್ಬ ತಲೆಯ ಕಡೆ ಒಬ್ಬ ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು, ನಿಮಗೆ ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಯಾರು ನೋಡುತ್ತಾರೆ, ನನ್ನ ಸೇವೆ ಮಾಡಬೇಕೆನ್ನುವವನು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತು ಹೇಳಿದ. ಅಲ್ಲಿಯೇ ರೋಗಿಯ ಶುಶ್ರೂಷೆ ಮಾಡುವವನ ಗುಣಗಳನ್ನೂ ಎಣಿಸಿದ. ಔಷಧ ಸಿದ್ಧಮಾಡಲು ಬರಬೇಕು, ಯಾವುದು ಹಿತ ಯಾವುದು ಅಹಿತ ತಿಳಿದಿರಬೇಕು, ಲಾಭಕ್ಕಲ್ಲದೆ ಪ್ರೀತಿಯಿಂದ ಮಾಡಬೇಕು, ಮಲ ಮೂತ್ರ ಉಗುಳು ವಾಂತಿಗೆ ಹೇಸಬಾರದು. ಇಷ್ಟಾದ ಮೇಲೆ ಐದನೆಯದು, ಕಾಲಕಾಲಕ್ಕೆ ಧರ್ಮದ ಮಾತು ಹೇಳಿ ಮನಸ್ಸನ್ನು ಹಗುರಮಾಡಲು ಬರಬೇಕು. ನಾವು ಸ್ವಾಮಿಗಳು ನಾಲ್ಕನ್ನು ಬಿಟ್ಟು ಐದನೆಯದನ್ನೇ ಮೊದಲು ಹಿಡಿಯುತ್ತೇವೆ. ರೋಗಿಯ ಗುಣಗಳನ್ನೂ ಹೇಳಿದ್ದಾನೆ. ಔಷಧ ತೆಗೆದುಕೊಳ್ಳಬೇಕು, ನೋವು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನಮ್ಮ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರ ಇದ್ದುದನ್ನು ತಾವು ಬಲ್ಲಿರಿ. ವೈದ್ಯ ಅವನ ಕಾಯಕ. ಅನುಭವ ಮಂಟಪದವರು ರೋಗಿಗೆ ಮದ್ದು ಕೊಡುವುದನ್ನು ಶಿವಪಥಕ್ಕೆ ಹೊರಗೆಂದು ಎಣಿಸಿರಲಿಲ್ಲ. ಬೆಂಗಳೂರಿನ ಮಹಾಬೋಧಿಯ ಹೆಸರು ಇಂದು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಿಭಾಗದ ಮೇಲೆ ಇದೆ. ಕಾರ್ಖಾನೆಯ ಬೆಂಕಿ, ಅಡಿಗೆ ಮನೆಯ ಬೆಂಕಿ, ಎರಡರಿಂದಲೂ ಬೆಂದವರು ಅಲ್ಲಿಗೆ ಹೋಗುತ್ತಾರೆ. ಯಾವ ಕರ್ಮಕ್ಕೆ ಬೆಂದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಆಗ ನಾವು ಮಾಡಿದ ಕೆಲಸವನ್ನು ಹೇಳುತ್ತೇವೆಂದಿದ್ದೆವು. ಆ ತಾಯಿಯ ಜೊತೆ ಅದೇ ಸಂಜೆ ಅವರ ಮನೆಗೆ ಹೋದೆವು. ಗೃಹಸ್ಥರು ನಮ್ಮನ್ನು ಕಂಡು ಹಾಸಿಗೆಯಿಂದ ಏಳಲು ನೋಡಿದರು. ನಾವು ಪಕ್ಕದಲ್ಲಿ ಕುಳಿತು, "ಅಪ್ಪ, ಹೋದ ವರ್ಷ ನಾವು ಹೇಳಿದ್ದು ತಪ್ಪು. ನಿನ್ನ ಕರ್ಮ ನಮಗೆ ಗೊತ್ತಿಲ್ಲ. ನಾಳೆ ಆಸ್ಪತ್ರೆಗೆ ಹೋಗೋಣ" ಎಂದೆವು. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಾನೇ ಪಾಪಿ ಅಂದುಕೊಂಡು ಮಕ್ಕಳನ್ನು ಮುಟ್ಟೋದನ್ನೂ ಬಿಟ್ಟಿದ್ದೆ ಬುದ್ಧಿ" ಎಂದರು. ಮರುದಿನ ಕಫದ ಪರೀಕ್ಷೆಯಾಯಿತು. ಮಧ್ಯದಲ್ಲಿ ಮಾತ್ರೆ ಬಿಟ್ಟವರಾದ್ದರಿಂದ ಮೊದಲಿನ ಮದ್ದು ಇನ್ನೂ ನಾಟುತ್ತದೆಯೋ ಇಲ್ಲವೋ ಎಂಬುದನ್ನೂ ವೈದ್ಯರು ಪರೀಕ್ಷೆ ಮಾಡಿ ಚಿಕಿತ್ಸೆ ಶುರುಮಾಡಿದ್ದಾರೆ. ಮಗುವಿಗೂ ಪರೀಕ್ಷೆಯಾಗಿದೆ, ಅವನಿಗೂ ರೋಗ ತಗುಲಿದೆ, ಆದರೆ ಬೇಗ ಸಿಕ್ಕಿದೆ. ಆರು ತಿಂಗಳು ಬಿಡದೆ ಮದ್ದು ಕೊಡಬೇಕು. ದೊಡ್ಡ ಮಗಳಿಗೆ ಬಂದಿಲ್ಲ, ಬಾರದಂತೆ ಮಾತ್ರೆ ಕೊಟ್ಟಿದ್ದಾರೆ. ಆ ಗೃಹಸ್ಥರು ಪೂರ್ತಿ ಗುಣವಾಗುವರೆಂದು ನಾವು ಈಗಲೇ ಹೇಳಲಾರೆವು. ಬಹಳ ಸೊರಗಿದ್ದಾರೆ.

ಈ ಊರಿನಲ್ಲಿ, ಮಾಕಳಿ, ದಾಸನಪುರದ ಕಡೆ, ಎರಡು ವಾರ ಮೀರಿದ ಕೆಮ್ಮು ಯಾರಿಗಿದ್ದರೂ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಪರೀಕ್ಷೆಗೂ ಮಾತ್ರೆಗೂ ಹಣವಿಲ್ಲ. ಚಿಕಿತ್ಸೆ ನಡೆಯುವಷ್ಟು ಕಾಲ ಊಟಕ್ಕೆಂದು ಸರ್ಕಾರ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಹಾಕುತ್ತದೆ, 2024ರ ನವೆಂಬರ್‌ವರೆಗೆ 500 ಇತ್ತು. ಆ ಮನೆಯ ಚಿಕ್ಕವನಿಗೆ ದಿನವೂ ಮಾತ್ರೆ ನುಂಗಿಸಿದರೇ ಎಂದು ನೋಡಿಕೊಂಡು ಬರಲು ಇಬ್ಬರು ಬೇಕು. ತಾಯಿ ಗಾರ್ಮೆಂಟ್ಸ್‌ಗೆ ಬೆಳಗ್ಗೆ ಏಳಕ್ಕೇ ಹೊರಡುತ್ತಾರೆ, ಆಮೇಲೆ ಮನೆಯಲ್ಲಿ ದೊಡ್ಡವರು ಏಳುವ ಸ್ಥಿತಿಯಲ್ಲಿಲ್ಲ. ಮಠದಿಂದ ಹಾಲು, ಮೊಳಕೆ ಕಾಳು, ಬೆಲ್ಲ ಕಳಿಸುತ್ತಿದ್ದೇವೆ, ಒಯ್ದು ಕೊಡುವವರಿಲ್ಲ. ಯಾರು ಬರುತ್ತೀರೋ ಅವರು ಪ್ರಸಾದ ಮುಗಿದ ಮೇಲೆ ನಮ್ಮನ್ನು ಕಂಡು ಹೋಗಿ. ಮನೆ ಎಲ್ಲಿ ಎಂದು ಆಗ ಹೇಳುತ್ತೇವೆ.